ಎತ್ತಿದ ಲೆಕ್ಕ: ಮಕ್ಕಳ ವಸ್ತುಸಂಗ್ರಹಾಲಯ ಎಲ್ಲ ಮಕ್ಕಳಿಗೂ ಸಲ್ಲುವಂತೆ ಮಾಡುವ ಬಗೆ

ಉಡುಪಿಯ ಸಮೀಪ ಹಳೆಯ ಹಂಚಿನ ಮನೆಯೊಂದನ್ನು ಮಕ್ಕಳ ವಸ್ತುಸಂಗ್ರಹಾಲಯವಾಗಿಸುವ ಕೆಲಸದಲ್ಲಿ ನಾನೂ ಇದ್ದೆ. ಬಾಗಿಲು ತೆರೆದ ಮೊದಲ ವಾರವೇ ಗಾಲಿಕುರ್ಚಿಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಂದಳು. ಜಗಲಿಗೆ ಮೂರು ಮೆಟ್ಟಿಲು. ಅಲ್ಲಿ ಅವಳ ಅಪ್ಪ ಅವಳನ್ನು ಎತ್ತಿಕೊಂಡರು. ಹೊಸ್ತಿಲು ದಾಟುವಾಗ ಇನ್ನೊಮ್ಮೆ, ಕಡೆಯುವ ಕಲ್ಲಿನ ಹತ್ತಿರ ನೆಲಕ್ಕೆ ಇಳಿಸಿ ಮತ್ತೊಮ್ಮೆ, ಶೌಚಾಲಯದ ಬಾಗಿಲಲ್ಲಿ ಮಗದೊಮ್ಮೆ. ಹೊರಡುವಾಗ ಹೇಗಿತ್ತು ಎಂದು ಕೇಳಿದೆ. "ಅಪ್ಪನಿಗೆ ಬೆನ್ನು ನೋವಾಗಿರಬೇಕು" ಎಂದಳು. ನಾವು ಎರಡು ವರ್ಷ ಕಷ್ಟಪಟ್ಟು ಜೋಡಿಸಿದ್ದ ಯಾವ ವಸ್ತುವಿನ ಬಗ್ಗೆಯೂ ಅವಳ ಬಾಯಲ್ಲಿ ಒಂದು ಮಾತು ಬರಲಿಲ್ಲ.

ಅಂದಿನಿಂದ ನನ್ನ ಅಳತೆಗೋಲು ಒಂದೇ. ಒಂದು ಮಗು ಗೇಟಿನಿಂದ ಒಳಬಂದು ಮರಳಿ ಹೋಗುವಷ್ಟರಲ್ಲಿ ಅದನ್ನು ಎಷ್ಟು ಸಲ ಎತ್ತಬೇಕಾಯಿತು? ಎತ್ತುವುದೆಂದರೆ ಕೈಯಿಂದ ಎತ್ತುವುದಷ್ಟೇ ಅಲ್ಲ. ಅದರ ಬದಲಿಗೆ ಬೇರೆಯವರು ಗುಂಡಿ ಒತ್ತಿದ್ದು, ಫಲಕ ಓದಿ ಹೇಳಿದ್ದು, ಅದರ ಪರವಾಗಿ ಉತ್ತರ ಕೊಟ್ಟದ್ದು, ಎಲ್ಲವೂ ನನ್ನ ಲೆಕ್ಕದ ಪುಟದಲ್ಲಿ ಒಂದೊಂದು ಗೆರೆ. ಆ ಗೆರೆಗಳನ್ನು ಒಂದೊಂದಾಗಿ ಅಳಿಸುತ್ತ ಹೋಗುವ ಕೆಲಸವನ್ನೇ ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಮೊದಲು ನಡೆದು ನೋಡಿ

ಗುತ್ತಿಗೆದಾರರನ್ನು ಕರೆಸುವ ಮೊದಲು ಒಂದು ನೋಟ್‌ಬುಕ್, ಅಳತೆಯ ಟೇಪು ಮತ್ತು ಎರವಲು ತಂದ ಗಾಲಿಕುರ್ಚಿ ಹಿಡಿದು ಹೊರಡಿ. ನಿಮ್ಮ ಬಾಗಿಲಿನಿಂದಲ್ಲ, ಹತ್ತಿರದ ಬಸ್ ನಿಲ್ದಾಣದಿಂದ ಮತ್ತು ರಿಕ್ಷಾ ನಿಲ್ಲುವ ಜಾಗದಿಂದ ಆರಂಭಿಸಿ. ಆದರೆ ನಾವೇ ಗಾಲಿಕುರ್ಚಿಯಲ್ಲಿ ಕುಳಿತು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆದರೆ ಸಿಗುವುದು ಅರ್ಧ ತಿಳಿವಳಿಕೆ ಮಾತ್ರ. ಅಂಗವೈಕಲ್ಯ ಇರುವ ಮಕ್ಕಳನ್ನು, ಅವರ ಮನೆಯವರನ್ನು, ಹಾಗೆಯೇ ಬೆಳೆದ ದೊಡ್ಡವರನ್ನು ಕರೆಯಿರಿ. "ನಮ್ಮನ್ನು ಬಿಟ್ಟು ನಮ್ಮ ವಿಚಾರ ಬೇಡ" ಎಂಬುದು ಅಂಗವಿಕಲರ ಚಳವಳಿಯ ಹಳೆಯ ಘೋಷಣೆ. ಅವರು ಕೊಡುವ ಸಮಯಕ್ಕೆ ಗೌರವಧನ ಕೊಡಿ. ವಾಸ್ತುಶಿಲ್ಪಿಗೆ ಹಣ ಕೊಟ್ಟು, ಇವರಿಗೆ ಬರೀ ಚಹಾ ಕೊಟ್ಟು ಕಳುಹಿಸುವುದು ಸರಿಯಲ್ಲ.

ಬರುವವರು ಒಂದೇ ಬಗೆಯವರಾಗಿರಬಾರದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. 1995ರ ಕಾಯ್ದೆಯಲ್ಲಿ ಇದ್ದದ್ದು ಏಳು. ಮಂದದೃಷ್ಟಿ, ಶ್ರವಣದೋಷ, ಆಟಿಸಂ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಚಲನೆ, ಮಾತು ಕಷ್ಟವಾಗುವ ಸ್ಥಿತಿ), ಬೌದ್ಧಿಕ ಅಂಗವೈಕಲ್ಯ, ಹಿಮೋಫೀಲಿಯಾ (ರಕ್ತ ಬೇಗ ಹೆಪ್ಪುಗಟ್ಟದ ತೊಂದರೆ) ಎಲ್ಲವೂ ಆ ಪಟ್ಟಿಯಲ್ಲಿವೆ. ಹಿಮೋಫೀಲಿಯಾ ಇರುವ ಮಗುವಿಗೆ ರ‍್ಯಾಂಪ್ ಬೇಕಾಗದಿರಬಹುದು; ಮೇಜಿನ ಚೂಪಾದ ಮೂಲೆ ಉರುಟಾಗಿರಬೇಕು. ಇಂಥದ್ದು ಆ ಮಗುವಿನ ತಾಯಿ ಹೇಳದೆ ನಮಗೆ ಹೊಳೆಯುವುದಿಲ್ಲ.

ಈ ನಡಿಗೆ ಒಮ್ಮೆ ಬೇಸಿಗೆಯಲ್ಲಿ, ಇನ್ನೊಮ್ಮೆ ಆಟಿ ತಿಂಗಳ ಮಳೆಯಲ್ಲಿ ನಡೆಯಲಿ. ಎರಡನೆಯದನ್ನು ಬಿಡಲೇಬಾರದು.

ಗೇಟಿನಿಂದ ಹೊಸ್ತಿಲಿನವರೆಗೆ

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಬೇರೆ ಊರಿನ ನಕ್ಷೆ ತಂದು ಇಲ್ಲಿ ರ‍್ಯಾಂಪ್ ಕಟ್ಟಿದರೆ ಜುಲೈ ಹೊತ್ತಿಗೆ ಅದು ಹಾವಸೆ ಹಿಡಿದ ಜಾರುಬಂಡೆಯಾಗುತ್ತದೆ. ಆದ್ದರಿಂದ ರ‍್ಯಾಂಪಿಗೆ ಮಾಡು (ಚಾವಣಿ) ಇರಲಿ. ಆ ಮಾಡು ರಿಕ್ಷಾ ನಿಲ್ಲುವ ಜಾಗದವರೆಗೂ ಚಾಚಿರಲಿ, ಏಕೆಂದರೆ ಗಾಲಿಕುರ್ಚಿಯನ್ನು ತಾನೇ ಓಡಿಸುವ ಮಗುವಿಗೆ ಕೊಡೆ ಹಿಡಿಯಲು ಮೂರನೆಯ ಕೈ ಇಲ್ಲ. ನೆಲಕ್ಕೆ ನುಣುಪು ಟೈಲ್ಸ್ ಬೇಡ. ಒರಟು ಮೇಲ್ಮೈಯ ಗ್ರಾನೈಟ್ ಇಲ್ಲವೇ ಗೆರೆ ಎಳೆದ ಕಾಂಕ್ರೀಟ್ ಸಾಕು. ಅಂಗಳಕ್ಕೆ ಹಾಸುವ ಇಂಟರ್‌ಲಾಕ್ ಕಲ್ಲುಗಳು ಮಣ್ಣು ಕುಸಿದಂತೆ ಏರುಪೇರಾಗಿ, ಬೆನ್ನುಹುರಿಯ ತೊಂದರೆ ಇರುವ ಮಗುವಿಗೆ ಪ್ರತಿ ಅಡಿಯೂ ಒಂದು ಏಟಾಗುತ್ತದೆ. ಚರಂಡಿಯ ಜಾಲರಿಯ ಸಂದು 12 ಮಿಲಿಮೀಟರಿಗಿಂತ ಅಗಲವಾಗಿದ್ದರೆ ಮುಂದಿನ ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತದೆ, ಊರುಗೋಲಿನ ತುದಿಯೂ ಇಳಿಯುತ್ತದೆ.

ಇಳಿಜಾರಿನ ಲೆಕ್ಕ ಸರಳ. ಒಂದು ಅಡಿ ಏರಲು ಕನಿಷ್ಠ ಹನ್ನೆರಡು ಅಡಿ ಉದ್ದ ಬೇಕು. ಇದು ಕಡಿದಾದ ಮಿತಿಯೇ ಹೊರತು ಆದರ್ಶವಲ್ಲ. ಜಾಗವಿದ್ದರೆ ಹದಿನೈದಕ್ಕೆ ಹೋಗಿ. ನಮ್ಮ ಜಗಲಿಯ ಮೂರು ಮೆಟ್ಟಿಲು ಸೇರಿ 45 ಸೆಂಟಿಮೀಟರ್ ಇತ್ತು. ಹನ್ನೆರಡರ ಲೆಕ್ಕದಲ್ಲಿ 5.4 ಮೀಟರ್, ಹದಿನೈದರ ಲೆಕ್ಕದಲ್ಲಿ 6.75 ಮೀಟರ್. ಅಗಲ 120 ಸೆಂಟಿಮೀಟರಿಗಿಂತ ಕಡಿಮೆ ಬೇಡ. ಕೆಳಗೂ ಮೇಲೂ ಒಂದೂವರೆ ಮೀಟರ್ ಸಮತಟ್ಟು ನೆಲ ಇರಲಿ. ಕೈಹಿಡಿಕೆಯನ್ನು ಎರಡೂ ಬದಿಯಲ್ಲಿ ಹಾಕಿ: ದೊಡ್ಡವರಿಗೆ 90 ಸೆಂಟಿಮೀಟರ್ ಎತ್ತರದಲ್ಲಿ ಒಂದು, ಮಕ್ಕಳಿಗೆ 70ರ ಆಸುಪಾಸಿನಲ್ಲಿ ಇನ್ನೊಂದು. ಕಡಲ ಗಾಳಿಗೆ ಸಾಮಾನ್ಯ ಕಬ್ಬಿಣ ಎರಡೇ ವರ್ಷದಲ್ಲಿ ತುಕ್ಕು ಹಿಡಿದು ಕೈ ತರಚುತ್ತದೆ. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಚೆನ್ನಾಗಿ ಉಜ್ಜಿದ ಗಟ್ಟಿ ಮರ ಬಾಳುತ್ತದೆ.

ಇನ್ನು ಹೊಸ್ತಿಲು. ನಮ್ಮ ಬಡಗಿ ಅದನ್ನು ಕೊಯ್ಯಲು ಒಪ್ಪಲಿಲ್ಲ. ನೂರು ವರ್ಷ ಅರಸಿನ ಕುಂಕುಮ ಹಚ್ಚಿಸಿಕೊಂಡ ಮರ ಅದು, ಅವರ ಮನಸ್ಸು ನನಗೂ ಅರ್ಥವಾಯಿತು. ಏಳೂವರೆ ಸೆಂಟಿಮೀಟರ್ ಎತ್ತರದ ಆ ಹೊಸ್ತಿಲಿನ ಎರಡೂ ಬದಿಗೆ ತೊಂಬತ್ತು ಸೆಂಟಿಮೀಟರ್ ಉದ್ದದ ಮರದ ಇಳಿಜಾರನ್ನು ಅವರೇ ಮಾಡಿ ಕೂರಿಸಿದರು. ಹೊಸ್ತಿಲೂ ಉಳಿಯಿತು, ಚಕ್ರವೂ ದಾಟಿತು. ಕಾಲೊರಸಿಗೆ ಹಾಕುವ ದಪ್ಪ ನಾರಿನ ಚಾಪೆಯನ್ನು ನೆಲದ ಮಟ್ಟಕ್ಕೆ ತಗ್ಗು ತೋಡಿ ಕೂರಿಸಿ, ಇಲ್ಲವಾದರೆ ಅದೇ ಇನ್ನೊಂದು ಮೆಟ್ಟಿಲಾಗುತ್ತದೆ.

ಚಪ್ಪಲಿಯ ವಿಷಯ ಹೇಳಲೇಬೇಕು. ಹೊರಗೆ ಚಪ್ಪಲಿ ಬಿಡುವುದು ನಮಗೆ ಮನೆ, ದೇವಸ್ಥಾನಗಳಿಂದ ಬಂದ ರೂಢಿ. ಕಾಲಿಗೆ ಕ್ಯಾಲಿಪರ್ (ನಡೆಯಲು ಆಧಾರ ಕೊಡುವ ಪಟ್ಟಿ) ಹಾಕಿದ ಮಗುವಿಗೆ ಬೂಟು ಕಳಚುವುದೆಂದರೆ ನಡೆಯುವ ಶಕ್ತಿಯನ್ನೇ ಕಳಚಿ ಹೊರಗಿಟ್ಟಂತೆ. "ಕ್ಯಾಲಿಪರ್, ಬೂಟು, ಗಾಲಿಕುರ್ಚಿಯೊಂದಿಗೆ ಒಳಗೆ ಬನ್ನಿ" ಎಂದು ಬಾಗಿಲಲ್ಲೇ ಬರೆಯಿರಿ. ಚಕ್ರ ಒರೆಸಲು ಒದ್ದೆ ಬಟ್ಟೆ ಇಟ್ಟರೆ ನೆಲವೂ ಶುಚಿ, ಯಾರಿಗೂ ಮುಜುಗರವಿಲ್ಲ.

ಕೈಗೆ ಎಟಕುವಷ್ಟು

ಬಾಗಿಲಿನ ತೆರವು 90 ಸೆಂಟಿಮೀಟರ್ ಇರಲಿ. ಗಾಲಿಕುರ್ಚಿ ಪೂರ್ತಿ ತಿರುಗಲು ಒಂದೂವರೆ ಮೀಟರ್ ಸುತ್ತಳತೆಯ ವೃತ್ತವಲ್ಲ, ಒಂದೂವರೆ ಮೀಟರ್ ವ್ಯಾಸದ ವೃತ್ತ ಬೇಕು. ಈ ಎರಡನ್ನು ಗೊಂದಲ ಮಾಡಿಕೊಂಡ ನಕ್ಷೆಯನ್ನು ನಾನು ತಿದ್ದಿಸಿದ್ದೇನೆ. ಮಾಳಿಗೆಗೆ ಲಿಫ್ಟ್ ಹಾಕಲು ಆಗದಿದ್ದರೆ ಅಲ್ಲಿನ ಅತ್ಯುತ್ತಮ ವಸ್ತುಗಳನ್ನು ಕೆಳಗೆ ತನ್ನಿ. ಮೇಲಿನದರ ಚಿತ್ರಗಳನ್ನು ಕೆಳಗೆ ಪರದೆಯಲ್ಲಿ ತೋರಿಸುವುದು ಸಮಾಧಾನದ ಮಾತಾಗಬಹುದು, ಪರಿಹಾರವಲ್ಲ.

ಎತ್ತರದ ವಿಷಯದಲ್ಲಿ ದೊಡ್ಡವರ ಕೈಯನ್ನು ಅಳತೆ ಮಾಡಬೇಡಿ. ಕುಳಿತಿರುವ ಮಗುವಿನ ಕೈ ಎಲ್ಲಿಂದ ಎಲ್ಲಿಯವರೆಗೆ ಎಟಕುತ್ತದೆ ಎಂಬುದಕ್ಕೆ ಅಮೆರಿಕದ ಅಂಗವಿಕಲರ ಕಾಯ್ದೆಯ (ಎಡಿಎ) 2010ರ ಮಾನದಂಡಗಳಲ್ಲಿ ಸಲಹೆಯ ರೂಪದ ಅಳತೆಗಳಿವೆ: ಮೂರು, ನಾಲ್ಕು ವರ್ಷದವರಿಗೆ ನೆಲದಿಂದ ಸುಮಾರು 51ರಿಂದ 91 ಸೆಂಟಿಮೀಟರ್, ಐದರಿಂದ ಎಂಟು ವರ್ಷದವರಿಗೆ 46ರಿಂದ 101, ಒಂಬತ್ತರಿಂದ ಹನ್ನೆರಡರವರಿಗೆ 41ರಿಂದ 112. ಅಂದರೆ 51ರಿಂದ 91ರ ನಡುವಿನ ಪಟ್ಟಿಯಲ್ಲಿ ಗುಂಡಿ, ಹಿಡಿಕೆ, ಕೀಲಿ ಎಲ್ಲವನ್ನೂ ಇಟ್ಟರೆ ಯಾರೂ ಹೊರಗುಳಿಯುವುದಿಲ್ಲ. ಗೋಡೆಗೆ ಆ ಎತ್ತರದಲ್ಲಿ ಎರಡು ಗೆರೆ ಎಳೆದು ಕೆಲಸ ಮಾಡಿಸಿ.

ಮೇಜಿನ ಕೆಳಗೆ ಮೊಣಕಾಲು ನುಗ್ಗಲು ಜಾಗ ಬೇಕು. ಮಕ್ಕಳ ಗಾಲಿಕುರ್ಚಿಗಳ ಎತ್ತರ ಬೇರೆಬೇರೆ ಇರುವುದರಿಂದ ಕಾಲು ಏರಿಸಿ ಇಳಿಸಬಹುದಾದ ಒಂದು ಮೇಜನ್ನಾದರೂ ಇಡಿ. ಇನ್ನೊಂದು ಪರೀಕ್ಷೆ ಯಾವ ಟೇಪೂ ಇಲ್ಲದೆ ಆಗುತ್ತದೆ: ಮುಷ್ಟಿ ಬಿಗಿದುಕೊಂಡು ನಿಮ್ಮ ಎಲ್ಲ ಆಟಿಕೆ, ನಲ್ಲಿ, ಬಾಗಿಲಿನ ಹಿಡಿಕೆಗಳನ್ನು ನಡೆಸಿ ನೋಡಿ. ಬೆರಳು ಬಿಡಿಸಿ ಹಿಡಿದು ತಿರುಚಬೇಕಾದ ಪ್ರತಿಯೊಂದೂ ಬದಲಾಗಬೇಕು. ಉರುಟು ಹಿಡಿಕೆ ತೆಗೆದು ಉದ್ದ ಹಿಡಿಕೆ ಹಾಕಿ, ಚಿಕ್ಕ ಗುಂಡಿಯ ಬದಲು ಅಂಗೈಯಗಲದ ಗುಂಡಿ ಕೂರಿಸಿ.

ಮುಟ್ಟಿ ತಿಳಿಯುವ ವಸ್ತುಗಳು

ಇಲ್ಲಿ ನಾವು ಅದೃಷ್ಟವಂತರು. ಕರಾವಳಿಯ ಹಳೆಯ ವಸ್ತುಗಳು ಕೈಗಾಗಿಯೇ ಹುಟ್ಟಿದವು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಆರಂಭಿಸಿತು. ಹಳೆಯ ಮನೆ ಕೆಡವಿದಾಗ ಸಿಗುವ ಒಂದು ಹಂಚು ತನ್ನಿ. ಎರಡರಿಂದ ಮೂರು ಕಿಲೋ ತೂಗುತ್ತದೆ. ಮೇಲೆ ನೀರು ಹರಿಯುವ ಉದ್ದ ಕಾಲುವೆಗಳು ಬೆರಳಿಗೆ ಸಿಗುತ್ತವೆ. ಅಂಚಿನಲ್ಲಿ ಪಕ್ಕದ ಹಂಚನ್ನು ಅಪ್ಪಿಕೊಳ್ಳುವ ಏಣು. ಅಡಿಯಲ್ಲಿ ರೀಪಿಗೆ (ಹಂಚು ಕೂರುವ ಅಡ್ಡಪಟ್ಟಿಗೆ) ಸಿಕ್ಕಿಸುವ ಗುಬುಟು, ಕಾರ್ಖಾನೆಯ ಉಬ್ಬಕ್ಷರ. ಇದಕ್ಕೆ ಬ್ರೈಲ್ ಬೇಕೇ ಎಂದು ನನಗೆ ಅನಿಸಿತ್ತು, ಹಂಚು ತಾನೇ ಅಷ್ಟು ಮಾತನಾಡುತ್ತದೆ. ಪಕಾಸು, ರೀಪು ಹೊಡೆದ ಚಿಕ್ಕ ಮಾಡೊಂದನ್ನು ಮೊಣಕಾಲೆತ್ತರದಲ್ಲಿ ಕಟ್ಟಿ, ನಾಲ್ಕು ಹಂಚು ಕೊಟ್ಟು, ಮೇಲಿನಿಂದ ನೀರು ಸುರಿಯಲು ಒಂದು ಚೊಂಬು ಇಟ್ಟೆವು. ಕಣ್ಣು ಕಾಣದ ಹುಡುಗನೊಬ್ಬ ಹಂಚು ಹೊದೆಸಿ, ಕೆಳಗೆ ಅಂಗೈ ಒಡ್ಡಿ, "ಸೋರುತ್ತಿದೆ, ಎರಡನೆಯದು ಸರಿ ಕೂತಿಲ್ಲ" ಎಂದು ತಾನೇ ಸರಿಪಡಿಸಿದ. ಆ ವಸ್ತುವಿನ ಮುಂದೆ ಅವನ ಪಾಲಿಗೆ ಒಂದು ಗೆರೆಯೂ ಬೀಳಲಿಲ್ಲ.

ಅಪರೂಪದ ಮೂಲ ವಸ್ತುವನ್ನು ಮುಟ್ಟಲು ಬಿಡಲಾಗದಿದ್ದರೆ ಪ್ರತಿಕೃತಿ ಮಾಡಿಸಿ, ಆದರೆ ತೂಕ, ತಣ್ಣಗಿರುವಿಕೆ, ಒರಟುತನ ಮೂಲದ್ದೇ ಇರಲಿ. ಕಲ್ಲಿನ ವಿಗ್ರಹಕ್ಕೆ ಪ್ಲಾಸ್ಟಿಕ್ ಪ್ರತಿಕೃತಿ ಕೈಗೆ ಸುಳ್ಳು ಹೇಳುತ್ತದೆ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ 2015ರಲ್ಲಿ ತೆರೆದ 'ಅನುಭವ' ಎಂಬ ಸ್ಪರ್ಶ ಗ್ಯಾಲರಿ ಪ್ರತಿಕೃತಿಗಳ ಮೂಲಕವೇ ನಡೆಯುತ್ತದೆ.

ಚೆಂಡೆಯನ್ನು ಮರದ ಹಲಗೆಯ ವೇದಿಕೆಯ ಮೇಲಿಡಿ. ಕಿವಿ ಕೇಳದ ಮಗು ಆ ಹಲಗೆಯ ಮೇಲೆ ಕುಳಿತು, ಬಾರಿಸುವಾಗ ಅಂಗೈ ಊರಿದರೆ ತಾಳ ಮೈಗೆ ಹತ್ತುತ್ತದೆ. ಕಡೆಯುವ ಕಲ್ಲನ್ನು ನೆಲದಲ್ಲಿ ಒಂದು, ಗಟ್ಟಿ ಪೀಠದ ಮೇಲೆ 60 ಸೆಂಟಿಮೀಟರ್ ಎತ್ತರದಲ್ಲಿ ಇನ್ನೊಂದು ಇಡಿ. ಪೀಠದ ಅಡಿ ಮೊಣಕಾಲಿಗೆ ತೆರವಿರಲಿ. ಒಂದು ಬೊಗಸೆ ನೆನೆಸಿದ ಅಕ್ಕಿ ಸಾಕು, ಅರ್ಧ ಗಂಟೆ ಯಾವ ಮಗುವೂ ಅಲ್ಲಿಂದ ಏಳುವುದಿಲ್ಲ.

ಅಕ್ಷರ, ಧ್ವನಿ, ಸನ್ನೆ

ಕನ್ನಡ ಫಲಕಗಳಲ್ಲಿ ದೊಡ್ಡ ತೊಂದರೆ ಒತ್ತಕ್ಷರದ್ದು. ಸಾಲುಗಳು ಹತ್ತಿರವಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮಂದದೃಷ್ಟಿಯ ಮಗುವಿಗೆ ಎರಡೂ ಕಲಸಿಹೋಗುತ್ತವೆ. ಸಾಲಿನ ನಡುವೆ ಧಾರಾಳ ಜಾಗ ಬಿಡಿ, ಅಲಂಕಾರದ ಅಕ್ಷರ ಬೇಡ, ಹೊಳೆಯುವ ಲ್ಯಾಮಿನೇಶನ್ ಬೇಡ. ತಿಳಿ ಹಿನ್ನೆಲೆಗೆ ಕಡುಬಣ್ಣದ ಅಕ್ಷರ. ಒಂದು ಫಲಕಕ್ಕೆ ನಾಲ್ಕೈದು ಚಿಕ್ಕ ವಾಕ್ಯ.

ಬ್ರೈಲ್ ಪಠ್ಯವನ್ನು ಇನ್ನೂ ಚಿಕ್ಕದಾಗಿ ಬರೆಯಬೇಕು. ಭಾರತೀಯ ಭಾಷೆಗಳಿಗಾಗಿ ಇರುವ ಭಾರತಿ ಬ್ರೈಲ್‌ನಲ್ಲಿ 'ಕಮಲ' ಎಂಬುದು ಮೂರೇ ಕೋಶ (ಒಂದು ಕೋಶದಲ್ಲಿ ಆರು ಚುಕ್ಕಿಗೆ ಜಾಗ): ಕ ಒಂದು ಮತ್ತು ಮೂರನೆಯ ಚುಕ್ಕಿ, ಮ ಒಂದು, ಮೂರು, ನಾಲ್ಕು, ಲ ಒಂದು, ಎರಡು, ಮೂರು. ಆದರೆ ಗುಣಿತಕ್ಕೂ ಒತ್ತಿಗೂ ಬೇರೆ ಕೋಶಗಳು ಸೇರುತ್ತ ಹೋಗಿ ಮುದ್ರಿತ ಒಂದು ಸಾಲು ಬ್ರೈಲ್‌ನಲ್ಲಿ ಎರಡು ಮೂರು ಸಾಲಾಗುತ್ತದೆ. ಬ್ರೈಲ್ ಪಟ್ಟಿಯನ್ನು ಗೋಡೆಗೆ ಹೊಡೆಯದೆ, ಮೇಜಿನ ಮುಂಭಾಗದ ಓರೆ ಅಂಚಿನಲ್ಲಿ, ಪ್ರತಿ ವಸ್ತುವಿನಲ್ಲೂ ಅದೇ ಜಾಗದಲ್ಲಿ ಇಡಿ. ಹುಡುಕುವ ಶ್ರಮ ತಪ್ಪುತ್ತದೆ. ಅಂಟಿಸುವ ಮೊದಲು ಬ್ರೈಲ್ ಓದುವವರಿಂದ ಓದಿಸಿ. ತಲೆಕೆಳಗಾಗಿ ಕೂರಿಸಿದ ಬ್ರೈಲ್ ಪಟ್ಟಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬ್ರೈಲ್ ಬಾರದ ಮಕ್ಕಳೂ ಬಹಳ. ಅವರಿಗೆ ಧ್ವನಿ ವಿವರಣೆ ಬೇಕು. ಮೊಬೈಲಿನಲ್ಲಿ ತೆರೆಯುವ ಕ್ಯೂಆರ್ ಚೌಕದ ಸುತ್ತ ಉಬ್ಬು ಅಂಚು ಹಾಕಿದರೆ ಬೆರಳಿಗೆ ಸಿಗುತ್ತದೆ. ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿಯಲ್ಲೂ ಧ್ವನಿಮುದ್ರಿಸಿ. ಇಲ್ಲಿನ ಎಷ್ಟೋ ಮನೆಗಳ ಮಾತು ಕನ್ನಡವಲ್ಲ. ಬೌದ್ಧಿಕ ಅಂಗವೈಕಲ್ಯ ಇರುವ ಮಗುವಿಗೆ ಮನೆಯ ಮಾತೇ ಮೊದಲ ಮೆಟ್ಟಿಲು.

ಕಿವಿ ಕೇಳದ ಮಕ್ಕಳಿಗೆ ವಿಡಿಯೊದ ಕೆಳಗೆ ಅಕ್ಷರ ಹಾಕಿದರೆ ಮುಗಿಯಿತು ಎಂದುಕೊಳ್ಳುತ್ತೇವೆ. ಸನ್ನೆ ಭಾಷೆಯಲ್ಲೇ ಬೆಳೆದ ಮಗುವಿಗೆ ಬರೆದ ಕನ್ನಡ ಎರಡನೆಯ ಭಾಷೆ. ಭಾರತೀಯ ಸನ್ನೆ ಭಾಷೆ ಬಲ್ಲ, ಸ್ವತಃ ಕಿವಿ ಕೇಳದ ಒಬ್ಬರಿಂದಲೇ ವಿವರಣೆಯ ವಿಡಿಯೊ ಮಾಡಿಸಿ. ಅದನ್ನು ನೋಡಿದ ಮಗುವಿಗೆ ತನ್ನಂಥವರು ಇಲ್ಲಿ ಹೇಳಿಕೊಡುವವರೂ ಆಗಿದ್ದಾರೆ ಎಂಬುದು ತಿಳಿಯುತ್ತದೆ.

ಸದ್ದು ತಗ್ಗಿಸುವ ಹೊತ್ತು

ಅದೇ ಚೆಂಡೆ ಆಟಿಸಂ ಇರುವ ಮಗುವಿಗೆ ಸಹಿಸಲಾಗದ ಹೊಡೆತವಾಗಬಹುದು. ಹಾಗಾಗಿ ಸದ್ದಿನ ಕೋಣೆಗೆ ಬಾಗಿಲಿರಲಿ, ಬಾಗಿಲ ಮೇಲೆ ಕಿವಿಯ ಚಿತ್ರವಿರಲಿ, ಕೌಂಟರಿನಲ್ಲಿ ಕಿವಿ ಮುಚ್ಚುವ ಇಯರ್‌ಮಫ್ ನಾಲ್ಕು ಜೊತೆಯಾದರೂ ಇರಲಿ. ಮಿನುಗುವ ಬೆಳಕು ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಹೊಳೆಯಬಾರದು. ಅಪಸ್ಮಾರ ಇರುವವರಿಗೆ ಅಪಾಯ. ತಿಂಗಳಿಗೆ ಒಂದು ಬೆಳಗ್ಗೆ ಧ್ವನಿವರ್ಧಕ ನಿಲ್ಲಿಸಿ, ಬೆಳಕು ತಗ್ಗಿಸಿ, ಕಡಿಮೆ ಜನರನ್ನು ಒಳಬಿಡಿ.

ಒಂದು ಮೌನದ ಮೂಲೆ ಬೇಕೇ ಬೇಕು. ನಮ್ಮಲ್ಲಿ ಹಳೆಯ ಉಗ್ರಾಣವೇ ಅದಾಯಿತು: ದಪ್ಪ ಮುರಕಲ್ಲಿನ ಗೋಡೆ, ಚಿಕ್ಕ ಕಿಟಕಿ, ಚಾಪೆ, ಭಾರದ ಕಂಬಳಿ. ಅದನ್ನು ಶಿಕ್ಷೆಯ ಜಾಗದಂತೆ ತೋರಿಸಬೇಡಿ. ದಣಿದ ಯಾವ ಮಗುವೂ, ಯಾವ ಅಮ್ಮನೂ ಅಲ್ಲಿ ಕೂರಬಹುದು.

ಶೌಚಾಲಯ

ಇದು ಸರಿಯಿಲ್ಲದಿದ್ದರೆ ಮೇಲಿನ ಎಲ್ಲವೂ ಒಂದೂವರೆ ಗಂಟೆಯ ಭೇಟಿಗೆ ಮಾತ್ರ. ಒಳಗೆ ಗಾಲಿಕುರ್ಚಿ ತಿರುಗಬೇಕು, ಬಾಗಿಲು ಹೊರಕ್ಕೆ ತೆರೆಯಬೇಕು ಅಥವಾ ಜಾರಬೇಕು, ಕಮೋಡಿನ ಪಕ್ಕ ಹಿಡಿಕೆಗಳಿರಬೇಕು, ನೆಲದಿಂದ ಎಟಕುವ ಎಳೆಯುವ ಕರೆಗಂಟೆಯ ದಾರವಿರಬೇಕು. ಹತ್ತು ಹನ್ನೆರಡು ವರ್ಷದ ಮಗುವಿಗೂ ಡಯಾಪರ್ ಬದಲಿಸಬೇಕಾದ ಮನೆಗಳಿವೆ. ಮಲಗಿಸಲು ಅಗಲವಾದ ಗಟ್ಟಿ ಹಲಗೆ ಇಲ್ಲದಿದ್ದರೆ ಆ ತಾಯಿ ಒದ್ದೆ ನೆಲದ ಮೇಲೆ ಮಗುವನ್ನು ಮಲಗಿಸುತ್ತಾಳೆ. ಆ ಕೋಣೆಯನ್ನು ಪೊರಕೆ, ಬಕೆಟ್ ಇಡುವ ಗೋದಾಮು ಮಾಡಲು ಯಾರಿಗೂ ಬಿಡಬೇಡಿ.

"ಪಾಪ" ಎನ್ನದ ಸಿಬ್ಬಂದಿ

ನಾವು ಸಿಬ್ಬಂದಿಗೆ ಹೇಳಿದ ಮೊದಲ ನಿಯಮ: "ಪಾಪ" ಎಂಬ ಮಾತು ಈ ಕಟ್ಟಡದೊಳಗೆ ಬೇಡ. ಕರುಣೆಯಿಂದಲೇ ಬರುವ ಮಾತು ಅದು, ನಿಜ. ಆದರೆ ಆ ಮಗು ದಿನಕ್ಕೆ ಹತ್ತು ಕಡೆ ಅದನ್ನು ಕೇಳಿಸಿಕೊಂಡಿರುತ್ತದೆ. "ಇವನಿಗೆ ಏನಾಗಿದೆ?" ಎಂದು ತಾಯಿಯನ್ನು ಕೇಳುವುದೂ ಬೇಡ. ಮಗುವಿನ ಕಣ್ಣಿನ ಮಟ್ಟಕ್ಕೆ ಕುಳಿತು ಮಗುವನ್ನೇ ಮಾತನಾಡಿಸಿ, ಉತ್ತರಕ್ಕೆ ಕಾಯಿರಿ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಒಂದು ವಾಕ್ಯ ಮುಗಿಸಲು ಅರ್ಧ ನಿಮಿಷ ಬೇಕಾಗಬಹುದು. ಕೇಳದೆ ಗಾಲಿಕುರ್ಚಿ ತಳ್ಳಬೇಡಿ, ಅದು ಅವರ ಮೈಯ ಭಾಗವಿದ್ದಂತೆ. ಕಣ್ಣು ಕಾಣದವರ ಕೈ ಹಿಡಿದು ಎಳೆಯದೆ ನಿಮ್ಮ ಮೊಣಕೈ ನೀಡಿ. ಜೊತೆಗೆ ಬಂದ ಸಹಾಯಕರಿಗೆ ಟಿಕೆಟ್ ಬೇಡ. ಬೆಂಕಿ ಅವಘಡದ ತಾಲೀಮಿನಲ್ಲಿ ಗಾಲಿಕುರ್ಚಿಯವರನ್ನು ಯಾರು, ಯಾವ ಬಾಗಿಲಿನಿಂದ ಕರೆದೊಯ್ಯುತ್ತಾರೆ ಎಂಬುದು ಹೆಸರು ಸಮೇತ ನಿಗದಿಯಾಗಿರಲಿ. ಎಚ್ಚರಿಕೆಯ ಗಂಟೆಯ ಜೊತೆ ಬೆಳಕೂ ಹೊಳೆಯಲಿ.

ಮನೆಯಿಂದಲೇ ಆರಂಭ

ಹೊಸ ಜಾಗದ ಭಯ ಇರುವ ಮಗುವಿಗಾಗಿ ಫೋಟೊಗಳ ಒಂದು ಕಿರುಪುಸ್ತಕ ಮಾಡಿ, ಜಾಲತಾಣದಲ್ಲಿ ಹಾಕಿ. ನಮ್ಮದು ಹೀಗೆ ಆರಂಭವಾಗುತ್ತದೆ: "ಇದು ಗೇಟು. ಇಲ್ಲಿ ರಿಕ್ಷಾ ನಿಲ್ಲುತ್ತದೆ. ನೀಲಿ ಅಂಗಿಯ ಅಕ್ಕ ನನಗೆ ನಮಸ್ಕಾರ ಹೇಳುತ್ತಾರೆ. ನಾನು ಹೇಳಬಹುದು, ಸುಮ್ಮನಿರಲೂಬಹುದು. ಚೆಂಡೆಯ ಕೋಣೆ ಜೋರು. ನನಗೆ ಬೇಡವಾದರೆ ಉಗ್ರಾಣಕ್ಕೆ ಹೋಗುತ್ತೇನೆ."

ಜಾಲತಾಣದ ಪಠ್ಯ ಎಲ್ಲ ಕಂಪ್ಯೂಟರಿಗೂ ಒಂದೇ ರೀತಿ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲೇ ಇರಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪಿಡಿಎಫ್ ನಮ್ಮ ಕಣ್ಣಿಗೆ ಕನ್ನಡ, ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶಕ್ಕೆ ಅರ್ಥವಿಲ್ಲದ ಚಿಹ್ನೆಗಳು. ವಾಟ್ಸ್ಆ್ಯಪ್‌ನಲ್ಲಿ ಹಂಚುವ ಆಮಂತ್ರಣದ ಚಿತ್ರದ ಜೊತೆ ಅದೇ ವಿವರವನ್ನು ಅಕ್ಷರದಲ್ಲೂ ಬರೆಯಿರಿ.

ಯಾವುದು ಮೊದಲು

2016ರ ಆ ಕಾಯ್ದೆ ನಿಮ್ಮ ಬೆನ್ನಿಗಿದೆ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ಅದು ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸುಗಮಗೊಳಿಸಲು ಐದು ವರ್ಷ ಕೊಟ್ಟಿತ್ತು. ಆ ಅವಧಿ ಮುಗಿದಿದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಎಂಬವರು ಹೂಡಿದ್ದ ಪ್ರಕರಣದಲ್ಲಿ, ಸುಗಮತೆಯ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮಗಳಾಗಬೇಕು ಎಂದಿತು. ಅಳತೆಗಳಿಗೆ ಕೇಂದ್ರ ಸರ್ಕಾರದ 2021ರ ಸಾರ್ವತ್ರಿಕ ಸುಗಮತೆಯ ಮಾರ್ಗಸೂಚಿ ನೋಡಿ.

ದುಡ್ಡಿಲ್ಲವೆಂದು ಕಾಯಬೇಡಿ. ಚಪ್ಪಲಿಯ ಫಲಕ, ಸಿಬ್ಬಂದಿಯ ಮಾತು, ಮೌನದ ಹೊತ್ತು, ಫೋಟೊ ಪುಸ್ತಕ, ಯೂನಿಕೋಡ್, ಇವು ಈ ವಾರವೇ ಆಗಬಲ್ಲವು. ಹೊಸ್ತಿಲ ಇಳಿಜಾರು, ಪೀಠ, ಹಿಡಿಕೆಗಳು ಬಡಗಿಯ ಒಂದೆರಡು ವಾರದ ಕೆಲಸ. ದೊಡ್ಡ ಹಣ ಬಂದಾಗ ಮೊದಲು ಶೌಚಾಲಯ, ಆಮೇಲೆ ರ‍್ಯಾಂಪಿನ ಮಾಡು, ಕೊನೆಗೆ ಪರದೆ ಮತ್ತು ಯಂತ್ರಗಳು. ಬಹುತೇಕರು ಇದನ್ನು ತಿರುಗಾಮುರುಗಾ ಮಾಡುತ್ತಾರೆ, ಏಕೆಂದರೆ ಪರದೆಯ ಉದ್ಘಾಟನೆಗೆ ಫೋಟೊ ಚೆನ್ನಾಗಿ ಬರುತ್ತದೆ.

ಆ ಹುಡುಗಿ ಮಳೆಗಾಲ ಕಳೆದ ಮೇಲೆ ಮತ್ತೆ ಬಂದಳು. ಅಪ್ಪ ಜಗಲಿಯ ಬೆಂಚಿನಲ್ಲಿ ಪೇಪರ್ ಓದುತ್ತ ಕುಳಿತಿದ್ದರು. ಅವಳು ಪೀಠದ ಮೇಲಿನ ಕಲ್ಲಿಗೆ ಮುಖ ಮಾಡಿ ಅಕ್ಕಿ ಕಡೆಯುತ್ತಿದ್ದಳು. ಮೊಣಕೈವರೆಗೂ ಹಿಟ್ಟು, ಅಂಗಿಯ ಮೇಲೂ ಹಿಟ್ಟು. "ಇನ್ನೂ ನುಣ್ಣಗಾಗಿಲ್ಲ" ಎಂದಳು, ನಾನು ಕೇಳುವ ಮೊದಲೇ. ಅಂದಿನ ಪುಟದಲ್ಲಿ ಎರಡು ಗೆರೆಗಳಿದ್ದವು, ಎರಡೂ ಶೌಚಾಲಯದ ಜಾರುಬಾಗಿಲಿನವು. ಅದರ ಹಳಿ ಮಳೆಗೆ ಬಿಗಿದುಕೊಂಡಿತ್ತು. ಸೋಮವಾರ ಬಡಗಿಗೆ ಬರಹೇಳಿದೆವು.